ಬೈಗೆ ಎಣ್ಣೆ ಹಚ್ಚಿದ ಕಾರು

ನಮ್ಮ ಅಕ್ಕನ ಕಾರು ಬಿಸಿಲಿಗೆ ನಿಂತರೆ ಈಗಲೂ ಮೀನು ನಾರುತ್ತದೆ. ಕಿಟಕಿ ಗ್ಲಾಸು ಏರಿಸಿಟ್ಟು ಮಧ್ಯಾಹ್ನ ಬಾಗಿಲು ತೆಗೆದರೆ ಬೈಗೆ ಮೀನಿನ ಎಣ್ಣೆಯ ವಾಸನೆ ಗಪ್ಪನೆ ಮೂಗಿಗೆ ಹೊಡೆಯುತ್ತದೆ. ಹತ್ತುವವರು ಮೂಗು ಮುಚ್ಚಿದರೆ ಅಕ್ಕನಿಗೆ ಸಿಟ್ಟು ಬರುವುದಿಲ್ಲ, ತಂಗಿಯಾದ ನನಗೆ ಬರುತ್ತದೆ. ಆ ವಾಸನೆ ಎಲ್ಲಿಂದ ಬಂತು ಅಂತ ಗೊತ್ತಿಲ್ಲದವರು ಅಷ್ಟು ನಾಜೂಕು ಮಾಡಬೇಕಾಗಿಲ್ಲ. ಬೇಡವಾದರೆ ನಡೆದು ಹೋಗಲಿ, ಹೆದ್ದಾರಿ ಬೇಕಾದಷ್ಟು ಅಗಲ ಇದೆ.

ಅದು ಬಿಳಿ ಅಂಬಾಸಿಡರ್. ಅಕ್ಕನ ಗಂಡ, ಅಂದರೆ ನನ್ನ ಭಾವ, ಬಾಡಿಗೆಗೆ ಓಡಿಸುತ್ತಿದ್ದದ್ದು. ತೆಕ್ಕಟ್ಟೆಯ ಆ ಬದಿಯಲ್ಲಿ ಕಾರು ಬೇಕು ಅಂದರೆ ಜನ ಸೀದಾ ಅವರ ಮನೆಗೆ ಬರುತ್ತಿದ್ದ ಕಾಲ ಒಂದಿತ್ತು. ಹೆರಿಗೆ ನೋವಿನವರು, ಮದುವೆಯ ದಿಬ್ಬಣದವರು, ಮುಂಬೈಯಿಂದ ಇಳಿದು ಸಾಮಾನಿನ ರಾಶಿಯ ಪಕ್ಕ ನಿಂತವರು, ಎಲ್ಲರಿಗೂ ಅದೇ ಕಾರು. ಅಂಗಳದ ಬೇಲಿಯ ದಣಪೆಯ ಆಚೆ ನಿಂತು ಯಾರಾದರೂ "ಹ್ವಾಯ್, ಬಾಡ್ಗಿ ಇತ್ತ್, ಬತ್ರ್ಯಾ?" ಅಂತ ಕರೆದರೆ ಭಾವ ಉಣ್ಣುತ್ತಿದ್ದವರು ಕೈ ತೊಳೆದು "ಬತ್ತೆ, ಕೂಕಣಿ" ಅನ್ನುತ್ತಿದ್ದರು, ಬರುತ್ತೇನೆ, ಕೂತುಕೊಳ್ಳಿ ಅಂತ. ಜನ ಹತ್ತಿದ ಮೇಲೆ ಇನ್ನೊಂದು ಮಾತು: "ಬಾಗ್ಲ್ ಗಟ್ಟಿ ಹಾಕಿ." ಆ ಕಾರಿನ ಬಾಗಿಲು ಮೆಲ್ಲಗೆ ಎಳೆದರೆ ಕೂರುತ್ತಲೇ ಇರಲಿಲ್ಲ. ಈ ಎರಡು ಮಾತು ಬಿಟ್ಟರೆ ಬ್ರಹ್ಮಾವರದ ತನಕ ಅವರ ಬಾಯಿಂದ ಮೂರನೆಯದು ಬರುತ್ತಿದ್ದದ್ದು ಕಡಿಮೆ.

ಅವರು ಇನ್ನೊಬ್ಬರು ಓಡಿಸುವ ಕಾರಿನಲ್ಲಿ ಕೂತದ್ದನ್ನು ನಾನು ಕಂಡೇ ಇರಲಿಲ್ಲ. ನೆಂಟರ ಮನೆಯ ಮದುವೆಗೆ ಹೊರಟಾಗ ಯಾರಾದರೂ ತಮ್ಮ ಕಾರಿಗೆ ಕರೆದರೆ, ನೀವು ಮುಂದೆ ಹೋಗಿ ಅಂತ ಹೇಳಿ ಬಸ್ಸಿಗೆ ಬರುವ ಜನ. ಡ್ರೈವರನಿಗೆ ಡ್ರೈವರ್ ಸೀಟೇ ಮನೆ, ಉಳಿದದ್ದೆಲ್ಲ ಜಗಲಿ ಅನ್ನುವ ಹಾಗೆ ಅವರ ಲೆಕ್ಕ. ನನಗೆ ಅದು ಜಂಬ ಅಂತ ಕಾಣುತ್ತಿತ್ತು. ಅಕ್ಕನಿಗೆ ಕಾಣುತ್ತಿರಲಿಲ್ಲ.

ಆಮೇಲೆ ಮನೆಮನೆಗೆ ಕಾರು ಬಂತು, ರಸ್ತೆಗೆ ರಿಕ್ಷಾ ಬಂತು, ಬಾಡಿಗೆ ನಿಂತಿತು. ಭಾವ ಅಂಬಾಸಿಡರನ್ನು ಹಿತ್ತಿಲಿನಲ್ಲಿ ತೆಂಗಿನ ಮಡಲು ಹೊದಿಸಿದ ಕೊಟ್ಟಿಗೆಯಲ್ಲಿ ನಿಲ್ಲಿಸಿ ಬೇರೆಯವರ ಟೆಂಪೋ ಓಡಿಸತೊಡಗಿದರು. ಕಡಲು ಅಲ್ಲಿಂದ ದೂರ ಇಲ್ಲ. ಉಪ್ಪುಗಾಳಿ ಎಂಬುದು ಕಬ್ಬಿಣ ಕಂಡರೆ ಬಿಡುವ ಜಾತಿಯಲ್ಲ. ಕೆಲವೇ ಮಳೆಗಾಲದಲ್ಲಿ ಕಾರಿನ ತಳದ ತಗಡು ತೂತು ಬಿದ್ದು, ಒಳಗೆ ಕೂತರೆ ಕಾಲಡಿಯ ನೆಲ ಕಾಣುವ ಹಾಗಾಯಿತು. ಬಾಗಿಲುಗಳ ಕೆಳಗಿನ ಅಂಚು ಬೆರಳು ತಾಗಿದರೆ ಉದುರುತ್ತಿತ್ತು. ಹಿಂದಿನ ಸೀಟಿನಲ್ಲಿ ಒಂದು ಕೋಳಿ ಕಾವು ಕೂತು ಮರಿ ಎಬ್ಬಿಸಿತು.

ಹಾಗಿರುವಾಗ ಭಾವನಿಗೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಹಾಗೆ ಬಲಗೈ, ಬಲಗಾಲು ಬಿದ್ದುಹೋಯಿತು. ಪಾರ್ಶ್ವವಾಯು. ಜೀವ ಉಳಿಯಿತು, ಮಾತೂ ಮೆಲ್ಲಗೆ ತಿರುಗಿ ಬಂತು. ಕೋಲು ಹಿಡಿದು ಜಗಲಿಯಿಂದ ಬಚ್ಚಲಿನವರೆಗೆ ಹೋಗುವಷ್ಟಾದರು. ಡಾಕ್ಟರು ಅಕ್ಕನನ್ನು ಕರೆದು ಸ್ಪಷ್ಟ ಹೇಳಿದರು: ಬ್ರಹ್ಮಾವರದಲ್ಲಿ ವ್ಯಾಯಾಮ ಮಾಡಿಸುವವರಿದ್ದಾರೆ, ತಪ್ಪದೆ ಕರೆದುಕೊಂಡು ಬನ್ನಿ, ಈ ವರ್ಷ ಕೈಕಾಲು ಪಳಗಿಸದಿದ್ದರೆ ಆಮೇಲೆ ಅದು ಹಾಗೆಯೇ ನಿಂತುಬಿಡುತ್ತದೆ.

ಭಾವ ಹೊರಡಲಿಲ್ಲ. ರಿಕ್ಷಾ ತಂದು ಅಂಗಳದಲ್ಲಿ ನಿಲ್ಲಿಸಿದರೆ ಗೋಡೆಯ ಕಡೆ ಮುಖ ತಿರುಗಿಸಿದರು. ಪಕ್ಕದ ಮನೆಯವರು ಕಾರು ತಂದರೆ ಕಣ್ಣು ಮುಚ್ಚಿ ಮಲಗಿದರು. ನಾನು ಇರುವುದು ಬ್ರಹ್ಮಾವರದಲ್ಲಿ, ಅಲ್ಲಿಂದ ಹೋಗಿ ಬಾಯಿಗೆ ಬಂದ ಹಾಗೆ ಬೈದೆ. ನನ್ನ ಬಾಯಿ ಸ್ವಲ್ಪ ಜೋರು, ಅದು ಊರಿಗೇ ಗೊತ್ತು. ಎಲ್ಲ ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟು: "ನನ್ನನ್ ಮೂಟಿ ಹಾಂಗೆ ಎತ್ತಿ ಯಾರ್ದೋ ಗಾಡಿಲಿ ಇಡುದ್ ಬ್ಯಾಡ. ನಾನ್ ಎಲ್ಲಿಗೂ ಬತ್ತಿಲ್ಲೆ."

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳು ಮೀನು ಮಾರುವವಳು. ಮುಂಚೆ ಬುಟ್ಟಿ ಹೊತ್ತು ಮನೆಮನೆಗೆ ಹೋಗುತ್ತಿದ್ದಳು, ಈಗ ಪೇಟೆಯ ಮಾರ್ಕೆಟ್ಟಿನಲ್ಲಿ ಕೂರುತ್ತಾಳೆ. ಗಿರಾಕಿ ಎಷ್ಟು ಚೌಕಾಸಿ ಮಾಡಿದರೂ ಅವಳ ಸ್ವರ ಏರುವುದಿಲ್ಲ. ಕೊನೆಗೆ ಅವಳು ಹೇಳಿದ ಬೆಲೆಗೇ ಮೀನು ಹೋಗುತ್ತದೆ. ಆ ದಿನ ನನ್ನನ್ನು ಬಸ್ಸು ಹತ್ತಿಸಲು ಬಂದವಳು ನಿಲ್ದಾಣದಲ್ಲಿ ಹೇಳಿದಳು, "ಹೆಣೆ, ಆ ಕಾರ್ ಸಮ ಮಾಡ್ಸ್‌ತೆ. ಯಾರ್ದೋ ಗಾಡಿಗ್ ಬಪ್ದಿಲ್ಲೆ ಅಂದ್ರ್ ಅಲ್ದಾ? ಅವ್ರ್ ಗಾಡಿಗೇ ಬರ್ಲಿ."

"ಓಡ್ಸುದ್ ಯಾರ್? ಕೋಳಿಯಾ?" ಅಂದೆ.

"ನಾನ್."

ನನಗೆ ನಗು ಬಂತು. ಸೈಕಲ್ಲಿನ ಪೆಡಲ್ ತುಳಿಯದವಳು. ಮಳೆ ಹಿಡಿಯುವ ಮೊದಲು ಕಾರು ಅಂಗಳಕ್ಕೆ ಬರಬೇಕು ಅಂತ ಅವಳೇ ವಾಯಿದೆ ಹಾಕಿಕೊಂಡಳು. ಮಳೆ ಬಿದ್ದರೆ ಪೇಂಟು ಒಣಗುವುದಿಲ್ಲ, ತುಕ್ಕು ಮತ್ತೆ ಹತ್ತುತ್ತದೆ, ಭಾವನ ಕೈಗೆ ಡಾಕ್ಟರು ಕೊಟ್ಟ ವರ್ಷವೂ ಕೈತಪ್ಪುತ್ತದೆ. ಬಸ್ಸು ಬಂತು, ನಾನು ಹತ್ತಿದೆ. ಕೋಟದ ತನಕ ನಗುತ್ತಿದ್ದವಳು ಸಾಲಿಗ್ರಾಮ ದಾಟುವಾಗ ಸುಮ್ಮನಾದೆ.

ಕುಂದಾಪುರದಲ್ಲಿ ಭಾವನ ಕಾಲದ ಒಬ್ಬರು ಮೇಸ್ತ್ರಿ ಇದ್ದರು. ಇಂಜಿನ್ನು, ತಗಡಿನ ಕೆಲಸ, ಪೇಂಟು, ಮೂರೂ ಗೊತ್ತಿದ್ದವರು. ಅವರು ಬಂದು ಬಾನೆಟ್ಟು ಎತ್ತಿ ನೋಡಿದರು, ಕೆಳಗೆ ಹೊಕ್ಕು ನೋಡಿದರು, ಎದ್ದು ಪಂಚೆ ಕೊಡವಿಕೊಂಡರು. "ಇಂಜಿನ್ ಎಬ್ಬಿಸುಕ್ ಆತ್ತ್. ತಗ್ಡ್ ಕಷ್ಟ ಇತ್ತ್ ಕಾಣಿ" ಅಂದರು. ಭಾನುವಾರಗಳಲ್ಲಿ ಬಂದು ಮಾಡಿಕೊಡುವುದು, ಉಳಿದ ದಿನ ತುಕ್ಕು ಕೆರೆಯುವ ಕೆಲಸ ಮನೆಯವರೇ ಮಾಡಿಕೊಳ್ಳುವುದು ಅಂತ ಮಾತಾಯಿತು. ಮನೆಯವರು ಅಂದರೆ ಅಕ್ಕ. ರಜೆ ಸಿಕ್ಕಿದರೆ ನಾನು.

ಮೀನು ಮಾರಿ ಬಂದು, ಮಿಂದು, ಊಟ ಮಾಡಿ ಅವಳು ಉಪ್ಪುಕಾಗದ ಹಿಡಿದು ಕೊಟ್ಟಿಗೆಗೆ ಹೋಗುತ್ತಿದ್ದಳು. ದೊಡ್ಡ ಮೀನಿನ ಹುರುಪೆ ತೆಗೆಯುವ ಹಾಗೆ, ಬಾಲದಿಂದ ತಲೆಯ ಕಡೆಗೆ, ಡಿಕ್ಕಿಯಿಂದ ಬಾನೆಟ್ಟಿನ ಕಡೆಗೆ ಕೆರೆದದ್ದೇ ಕೆರೆದದ್ದು. ಸೀರೆಯೆಲ್ಲ ಕೆಂಪು ಹುಡಿ. ನಾನು ಒಂದು ಮಡ್‌ಗಾರ್ಡ್ ಕೆರೆಯುವಷ್ಟರಲ್ಲಿ ಬೆನ್ನು ಹಿಡಿದು ಅಡಿಕೆ ಮರದ ಬುಡಕ್ಕೆ ಒರಗಿದೆ. ಅವಳು ಅಷ್ಟರಲ್ಲಿ ಎರಡು ಬಾಗಿಲು ಮುಗಿಸಿ, "ನೀ ಚಾ ಆದ್ರೂ ಮಾಡ್, ಹೋಗ್" ಅಂತ ನನ್ನನ್ನು ಕೆಲಸದಿಂದ ತೆಗೆದಳು.

ಭಾವ ಕೊಟ್ಟಿಗೆಯ ಕಡೆ ನೋಡಲೂ ಇಲ್ಲ. ಕುರ್ಚಿಯನ್ನು ರಸ್ತೆಯ ಕಡೆ ತಿರುಗಿಸಿಕೊಂಡು ಕೂತರು. ಅಕ್ಕ ಏನು ಕೇಳಿದರೂ "ನಂಗೊತ್ತಿಲ್ಲೆ" ಅನ್ನುವುದೊಂದೇ ಉತ್ತರ. ಅವರ ಬಲಗೈ ತೊಡೆಯ ಮೇಲೆ ಬೇರೆ ಯಾರೋ ಮರೆತು ಇಟ್ಟುಹೋದ ಸಾಮಾನಿನ ಹಾಗೆ ಬಿದ್ದಿರುತ್ತಿತ್ತು. ಅದನ್ನು ನೋಡಿದರೆ ನನಗೆ ಬೈಯಲು ಬಾಯಿ ಬರುತ್ತಿರಲಿಲ್ಲ.

ಬಾಗಿಲಿನ ಹಿಡಿಗಳು, ಹಿಂದಿನ ಒಂದು ಬಂಪರ್, ದೀಪದ ಗ್ಲಾಸು ಎಲ್ಲೂ ಸಿಗಲಿಲ್ಲ. ಬೈಂದೂರಿನಲ್ಲಿ ಒಬ್ಬರ ಹಿತ್ತಿಲಿನಲ್ಲಿ ಅಂಥದೇ ಒಂದು ಕಾರು ಬಳ್ಳಿ ಹಬ್ಬಿ ಬಿದ್ದಿದೆ ಅಂತ ಮೇಸ್ತ್ರಿ ಹೇಳಿದರು. ನಾವಿಬ್ಬರೂ ಬಸ್ಸಿಗೆ ಹೋದೆವು. ಮನೆಯವರು ಒಳ್ಳೆಯವರು, ಬೇಕಾದದ್ದು ಬಿಚ್ಚಿಕೊಳ್ಳಿ ಅಂದರು, ಮಜ್ಜಿಗೆ ಕೊಟ್ಟರು. ಬರುವಾಗ ಅಕ್ಕನ ತೊಡೆಯ ಮೇಲೆ ಹಿಡಿ, ಗ್ಲಾಸುಗಳ ಚೀಲ. ಬಂಪರ್ ನನ್ನ ಪಾಲಿಗೆ. ಅದನ್ನು ಸೀಟಿನ ನಡುವೆ ನಿಲ್ಲಿಸಿ ಹಿಡಿದುಕೊಂಡು ನಿಂತಿದ್ದೆ. ಕಂಡಕ್ಟರ್ ನನ್ನನ್ನು ನೋಡಿದ, ಬಂಪರನ್ನು ನೋಡಿದ. "ಅಮಾ, ಬಾಕಿ ಕಾರ್ ಹಿಂದಿನ್ ಬಸ್ಸಿಗ್ ಬತ್ತಾ?" ಅಂದ. ಇಡೀ ಬಸ್ಸು ನಕ್ಕಿತು.

"ಬಾಕಿ ಕಾರ್ ಮನೆಲಿತ್ತ್. ಅದ್ ಸಮ ಆದ್ ಮೇಲೆ ನಿನ್ ಬಸ್ಸಿಗ್ ಸೈಡ್ ಕೊಡ್ತಿಲ್ಲೆ, ನೆನ್ಪ್ ಇಟ್ಕೊ" ಅಂದೆ. ಅಕ್ಕ ಕಿಟಕಿಯ ಕಡೆ ತಿರುಗಿ ನಗುತ್ತಿದ್ದಳು. ಅವಳು ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತು. ಆ ನಗುವಿಗಾಗಿ ನಾನು ಇನ್ನೊಂದು ಬಂಪರನ್ನೂ ಹೊತ್ತು ತರಲು ತಯಾರಿದ್ದೆ.

ಮೇಸ್ತ್ರಿ ಕೊಳೆತ ತಗಡು ಕತ್ತರಿಸಿ ಹೊಸದು ಬೆಸೆದರು. ಮುಂದಿನ ವಾರ ಪ್ರೈಮರ್ ಹೊಡೆಯುತ್ತೇನೆ, ಅಲ್ಲಿಯವರೆಗೆ ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳಿ ಅಂತ ಹೇಳಿ ಹೋದರು. ಪ್ಲಾಸ್ಟಿಕ್ ಹೊದಿಸಿ ಅನ್ನುವುದು ಅವರ ಅರ್ಥ. ಅಕ್ಕನಿಗೆ ತಿಳಿದದ್ದು ಬೇರೆ.

ನಾವು ಹುಟ್ಟಿದ್ದು ಹಂಗಾರಕಟ್ಟೆಯಲ್ಲಿ. ಅಪ್ಪ ದೋಣಿ ಕಟ್ಟುವ ಕೆಲಸದವರು. ಮಳೆಗಾಲದ ಮುಂಚೆ ದೋಣಿಯನ್ನು ಮೇಲಕ್ಕೆ ಎಳೆದು, ಕೆರೆದು, ಒಣಗಿಸಿ, ಬೈಗೆ ಮೀನು ಬೇಯಿಸಿ ತೆಗೆದ ಎಣ್ಣೆಯನ್ನು ಒಳಗೂ ಹೊರಗೂ ಕುಡಿಸುವುದು ನಮ್ಮ ಮನೆಯ ಪದ್ಧತಿ. ಮಂಗಳೂರು ಕಡೆ ಬೂತಾಯಿ ಅನ್ನುತ್ತಾರಲ್ಲ, ಅದೇ ಮೀನು. ಹಳೇ ಬಟ್ಟೆ ಅದ್ದಿ ಅದ್ದಿ ಹಚ್ಚುವ ಕೆಲಸ ಹೆಣ್ಣುಮಕ್ಕಳದ್ದು. ಶಾಲೆಗೆ ಹೋದರೆ ನಮ್ಮ ಪಕ್ಕ ಯಾರೂ ಕೂರುತ್ತಿರಲಿಲ್ಲ. ಉಪ್ಪುನೀರಿಗೆ ಇಳಿಯುವುದನ್ನು ಉಳಿಸಬೇಕಾದರೆ ಬೈಗೆ ಎಣ್ಣೆ, ಅದರಾಚೆ ಅಕ್ಕನಿಗೆ ಎರಡನೇ ವಿದ್ಯೆ ಇಲ್ಲ. ಮಲ್ಪೆ ಕಡೆಯಿಂದ ಒಂದು ಕ್ಯಾನು ಎಣ್ಣೆ ತರಿಸಿದಳು. ಹಳೇ ಲಂಗ ಹರಿದು ಅದ್ದಿ, ತಲೆಯಿಂದ ತಳದವರೆಗೆ, ಬಾಗಿಲಿನ ಪೊಳ್ಳಿನ ಒಳಗೆ, ಚಾಸಿಯ ಸಂದುಗೊಂದಿಗೆ, ಒಂದು ಇಂಚೂ ಬಿಡದೆ ಹಚ್ಚಿದಳು. ದೋಣಿ ಎಣ್ಣೆ ಕುಡಿಯುತ್ತದೆ. ಕಾರು ಕುಡಿಯುವುದಿಲ್ಲ ಅನ್ನುವುದು ಅವಳ ತಲೆಗೆ ಹೋಗಲಿಲ್ಲ.

ನಾನು ಮುಂದಿನ ಭಾನುವಾರ ಹೋದಾಗ ದಣಪೆಯ ಹತ್ತಿರವೇ ಮೂಗಿಗೆ ಬಡಿಯಿತು. ಕಾರಿನ ತಲೆಯ ಮೇಲೆ ಕಾಗೆಗಳ ಪಂಚಾಯಿತಿ. ಬಾನೆಟ್ಟಿನ ಮೇಲೆ ಕೂತು ಬೆಕ್ಕುಗಳು ನೆಕ್ಕುತ್ತಿದ್ದವು; ಆ ಕೇರಿಯಲ್ಲಿ ಅಷ್ಟು ಬೆಕ್ಕುಗಳಿವೆ ಅಂತ ನನಗೆ ಅಂದೇ ಗೊತ್ತಾದದ್ದು. ನೊಣಗಳ ಲೆಕ್ಕ ಬೇಡ. ಮೇಸ್ತ್ರಿ ಆಗಲೇ ಬಂದು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ನೋಡುವ ಅಂತ ಒಂದು ಕಡೆ ಪ್ರೈಮರ್ ಹೊಡೆದರು. ಕೆಸುವಿನ ಎಲೆಯ ಮೇಲೆ ನೀರು ಓಡುವ ಹಾಗೆ ಅದು ಬೊಟ್ಟುಬೊಟ್ಟಾಗಿ ಸರಿದುಹೋಯಿತು.

"ಇನ್ನ್ ಇದ್ಕ್ ಪೇಂಟ್ ಹಿಡುದಿಲ್ಲೆ ಅಮಾ" ಅಂದರು ಅವರು.

ಎಣ್ಣೆಯ ಬಟ್ಟೆ ಅಕ್ಕನ ಕೈಯಲ್ಲೇ ಇತ್ತು. ಬೈಗೆ ಎಣ್ಣೆಯಿಂದ ಕೆಡುವ ವಸ್ತುವೂ ಲೋಕದಲ್ಲಿದೆ ಅನ್ನುವುದನ್ನು ಅವಳು ಕಂಡದ್ದು ಅದೇ ಮೊದಲು. ಅವಳನ್ನು ಬೈಯಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ನನಗಿಂತ ಮುಂಚೆ ಇನ್ನೊಂದು ಸ್ವರ ಬೈಯಿತು.

"ನಿಂಗ್ ಮರ್ಲಾ? ಅದ್ ಕಾರ್ ಹೆಣೆ, ನಿನ್ ಅಪ್ಪನ್ ದೋಣಿ ಅಲ್ಲ!"

ಭಾವ. ಕೊಟ್ಟಿಗೆಯ ಬಾಯಲ್ಲಿ, ಎಡಗೈಯಲ್ಲಿ ಕೋಲು ಊರಿ ನಿಂತಿದ್ದರು. ಜಗಲಿಯ ಮೆಟ್ಟಿಲು ಇಳಿದು, ಅಂಗಳ ದಾಟಿ, ಬಾವಿಕಟ್ಟೆ ಸುತ್ತಿ ಒಬ್ಬರೇ ಬಂದಿದ್ದರು. ಬಿದ್ದ ದಿನದಿಂದ ಅವರು ಅಷ್ಟು ದೂರ ನಡೆದದ್ದಿರಲಿಲ್ಲ. ನಾವು ಮೂವರೂ ಕಾರನ್ನು ಬಿಟ್ಟು ಅವರ ಕಾಲನ್ನು ನೋಡುತ್ತಿದ್ದೆವು. ಅವರಿಗೆ ಅದರ ಖಬರಿಲ್ಲ. "ಎಂಥ ಕಾಂತ್ರಿ? ಅದನ್ನ್ ತೊಳೂಕ್ ಬೂದಿ ತಕಬನ್ನಿ" ಅಂತ ಗದರಿದರು.

ಅಕ್ಕ ಬೇಕಂತಲೇ ಎಣ್ಣೆ ಹಚ್ಚಿದ್ದಾ ಅಂತ ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. "ಅಷ್ಟ್ ಬುದ್ಧಿ ಇದ್ದಿರೆ ನಾನ್ ಯಾಕ್ ಮೀನ್ ಮಾರ್ತಿದ್ದೆ? ನಂಗ್ ಖಂಡಿತ ಗೊತ್ತಿರ್ಲಿಲ್ಲೆ" ಅನ್ನುತ್ತಾಳೆ. ನಾನು ನಂಬುತ್ತೇನೆ. ಅವಳು ಸುಳ್ಳು ಹೇಳುವವಳಲ್ಲ, ಮೀನು ಹಳೆಯದಾದರೆ ಹಳೆಯದು ಅಂತ ಹೇಳಿಯೇ ಮಾರುವವಳು.

ಬೂದಿ, ಅಂಟುವಾಳ, ಬಿಸಿನೀರು, ಸೀಮೆಎಣ್ಣೆ. ತೊಳೆದೆವು, ಒರೆಸಿದೆವು, ಮತ್ತೆ ತೊಳೆದೆವು. ಕೈಯ ಚರ್ಮ ಎದ್ದುಬಂತು. ಭಾವ ಕೊಟ್ಟಿಗೆಯ ಬಾಗಿಲಿಗೇ ಕುರ್ಚಿ ಹಾಕಿಸಿಕೊಂಡು ಕೋಲಿನಲ್ಲಿ ತೋರಿಸುತ್ತಿದ್ದರು, ಅಲ್ಲಿ ಜಿಡ್ಡಿದೆ, ಇಲ್ಲಿ ಬಿಟ್ಟಿದ್ದಿ. ಹೊರಮೈ ಶುದ್ಧವಾಯಿತು. ಬಾಗಿಲಿನ ಪೊಳ್ಳಿನೊಳಗೆ, ಚಾಸಿಯ ಸಂದಿಗೆ ಮಾತ್ರ ಕೈ ಹೋಗಲಿಲ್ಲ. ಮೇಸ್ತ್ರಿ ಒಂದು ಕಬ್ಬಿಣದ ಕಡ್ಡಿ ತೂರಿಸಿ ನೋಡಿ, "ಅಲ್ಲಿಪ್ದ್ ಅಲ್ಲೇ ಇರ್ಲಿ. ಇನ್ನ್ ಒಳ್ಗಿಂದ ತುಕ್ ಹಿಡುದಿಲ್ಲೆ" ಅಂದರು. ನಾರುವುದು ಆ ಎಣ್ಣೆಯೇ.

ಆ ದಿನದಿಂದ ಭಾವ ಕೊಟ್ಟಿಗೆಯಲ್ಲೇ. ಇಂಜಿನ್ ಕೂಡಿಸುವಾಗ ಅವರು ತೋರಿಸುವುದು, ಅಕ್ಕನ ಕೈ ಮಾಡುವುದು. ಅವರ ಹಾಗೆಯೇ ಅವಳಿಗೂ ಮಾತು ಬೇಕಿರಲಿಲ್ಲ; ಅವರು ಗದ್ದ ಎತ್ತಿದರೆ ಸ್ಪ್ಯಾನರು, ಹುಬ್ಬು ಹಾರಿಸಿದರೆ ಬಟ್ಟೆ. ಇಂಜಿನ್ನು ಮೊದಲ ಸಲ ಕೆಮ್ಮಿ ಎದ್ದಾಗ ಅಡಿಕೆ ಮರದ ಮಂಗಗಳು ಓಡಿದವು. ಭಾವ ಕಿವಿಕೊಟ್ಟು ಕೇಳಿ, "ಸ್ವಲ್ಪ ಮಿಸ್ಸಿಂಗ್ ಇತ್ತ್" ಅಂದರು ಅಷ್ಟೇ. ಆದರೆ ಮುಖ ಆ ದಿನವಿಡೀ ಬೆಳಗಿತ್ತು.

ಅಕ್ಕ ಕುಂದಾಪುರದಲ್ಲಿ ಡ್ರೈವಿಂಗ್ ಸ್ಕೂಲಿಗೂ ಸೇರಿದಳು. ಕಾಲೇಜು ಹುಡುಗಿಯರ ನಡುವೆ ಮಲ್ಲಿಗೆ ಮುಡಿದು ಕೂತವಳು ಇವಳೊಬ್ಬಳೇ. ನಮ್ಮ ಕಾರಿನ ಗೇರು ಸ್ಟೇರಿಂಗಿನ ಬುಡದಲ್ಲಿ, ಅಲ್ಲಿಯ ಕಾರಿನದ್ದು ಕಾಲ ಹತ್ತಿರ. ಹಾಗಾಗಿ ಮನೆಯಲ್ಲಿ ಅನ್ನದ ಸಟ್ಟುಗ ಹಿಡಿದು ಗೇರು ಬದಲಾಯಿಸುವ ಅಭ್ಯಾಸ. ಸಾರು ಕುದಿಯುವಾಗ ಒಂದು, ಎರಡು, ಮೂರು ಅಂತ ಗಾಳಿಯಲ್ಲಿ ಸಟ್ಟುಗ ತಿರುವುತ್ತಿದ್ದವಳನ್ನು ನಾನು ಕಿಟಕಿಯಿಂದ ಕಂಡೆ. ಬೇರೆ ಯಾರಾದರೂ ಆಗಿದ್ದರೆ ತಮಾಷೆ ಮಾಡುತ್ತಿದ್ದೆ. ಆ ದಿನ ಸುಮ್ಮನೆ ನಿಂತು ನೋಡಿದೆ. ನನ್ನ ಅಕ್ಕನಂಥ ಹೆಂಗಸು ಈ ಸೀಮೆಯಲ್ಲೇ ಇಲ್ಲ ಅನ್ನಿಸಿತು. ಈಗಲೂ ಅನ್ನಿಸುತ್ತದೆ, ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿ ಇನ್ನೊಮ್ಮೆಗೆ ಲೈಸನ್ಸ್ ತಂದಳು. ಕಾರಿನ ಕಾಗದಪತ್ರದ ಓಡಾಟ ನನ್ನ ಪಾಲಿಗೆ ಬಂತು. ಬಸ್ಸಿನಲ್ಲಿ ನಿಂತು ನಿಂತು ನನ್ನ ಕಾಲು ಬಾತ ಕಥೆ ಇಲ್ಲಿ ಬೇಡ.

ಬಿಳಿ ಬಣ್ಣ ಒಣಗಿ, ಸೀಟಿಗೆ ಹೊಸ ಬಟ್ಟೆ ಬಂದು, ಎಲ್ಲ ಮುಗಿಯುವಾಗ ಪಡುವಣದಲ್ಲಿ ಮೋಡ ಕಟ್ಟತೊಡಗಿತ್ತು. ಬ್ರಹ್ಮಾವರಕ್ಕೆ ಹೊರಡುವ ದಿನ ನಾನು ಬೆಳಿಗ್ಗೆಯೇ ಹೋದೆ. ಅಕ್ಕ ಕಾರನ್ನು ಹಿಮ್ಮುಖ ತೆಗೆದು ಅಂಗಳದಲ್ಲಿ ಜಗಲಿಗೆ ಸಮನಾಗಿ ನಿಲ್ಲಿಸಿದಳು. ಇಳಿದು ಬಂದು ಮುಂದಿನ ಎಡಬಾಗಿಲು ತೆರೆದಿಟ್ಟಳು. "ಹ್ವಾಯ್, ಹೋಪ" ಅಂದಳು.

ಭಾವ ಜಗಲಿಯ ಕುರ್ಚಿಯಲ್ಲಿದ್ದರು. ಕಾರನ್ನು ಉದ್ದಕ್ಕೂ ನೋಡಿದರು. ಸ್ಟೇರಿಂಗನ್ನು ನೋಡಿದರು. ತೊಡೆಯ ಮೇಲಿನ ಬಲಗೈ ನೋಡಿದರು. ಆಮೇಲೆ, "ನಾನ್ ಬತ್ತಿಲ್ಲೆ" ಅಂದರು.

ನನಗೆ ತಲೆಯಿಂದ ಕಾಲಿನವರೆಗೆ ಉರಿಯಿತು. ಇಷ್ಟೆಲ್ಲ ಮಾಡಿ, ಇಷ್ಟು ಕೆರೆದು, ಇಷ್ಟು ತೊಳೆದು, ಈ ಮನುಷ್ಯನದ್ದು ಮತ್ತೆ ಅದೇ ಮಾತು. "ಭಾವ" ಅಂತ ಶುರು ಮಾಡಿದೆ. ಅಕ್ಕ ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು. ಅವಳ ಕಣ್ಣಲ್ಲಿ ನೀರಿತ್ತು, ಆದರೆ ಸ್ವರ ಏರಲಿಲ್ಲ. "ಇರ್ಲಿ" ಅಂದಳು. ಹೋಗಿ ಡ್ರೈವರ್ ಸೀಟಿನಲ್ಲಿ ಕೂತಳು. ಇಂಜಿನ್ ಆಫ್ ಮಾಡಿ, ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು, ಮುಂದಿನ ಗ್ಲಾಸಿನಿಂದ ರಸ್ತೆ ನೋಡುತ್ತ ಸುಮ್ಮನೆ ಕೂತಳು. ಬಾಡಿಗೆ ಇಲ್ಲದ ಮಧ್ಯಾಹ್ನಗಳಲ್ಲಿ ಭಾವ ಸ್ಟ್ಯಾಂಡಿನಲ್ಲಿ ಕೂರುತ್ತಿದ್ದದ್ದು ಹೀಗೆಯೇ.

ಗಾಳಿಗೆ ಒಂದು ತೆಂಗಿನ ಮಡಲು ಬಿತ್ತು. ಭಾವ ಅವಳನ್ನೇ ನೋಡುತ್ತಿದ್ದರು. ಆಮೇಲೆ ಕೋಲಿಗೆ ಕೈ ಚಾಚಿದರು.

ನಾನು ಹಿಡಿಯಲು ಹೋದರೆ ಬೇಡ ಅಂದರು. ಒಂದೊಂದೇ ಮೆಟ್ಟಿಲು ಇಳಿದರು. ತೆರೆದಿಟ್ಟ ಮುಂದಿನ ಬಾಗಿಲಿನ ಹತ್ತಿರ ಬಂದು ಸ್ವಲ್ಪ ನಿಂತು ಅದನ್ನು ದೂಡಿ ಹಾಕಿದರು. ಆಯ್ತು, ವಾಪಸು ಹೋಗುತ್ತಾರೆ ಅಂದುಕೊಂಡೆ. ಅವರು ಇನ್ನೊಂದು ಹೆಜ್ಜೆ ಮುಂದಿಟ್ಟು ಹಿಂದಿನ ಬಾಗಿಲು ತೆರೆದರು. ಬಾಡಿಗೆಯವರು ಕೂರುವ ಸೀಟಿನಲ್ಲಿ ಕೂತರು. ಎಡಗೈಯಲ್ಲಿ ಬಲಗಾಲನ್ನು ಎತ್ತಿ ಒಳಗಿಟ್ಟುಕೊಂಡರು. ಕೋಲನ್ನು ಪಕ್ಕಕ್ಕೆ ಒರಗಿಸಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಡ್ರೈವರನ ಬೆನ್ನಿಗೆ ಹೇಳಿದರು:

"ಹ್ವಾಯ್, ಬ್ರಹ್ಮಾವರಕ್ಕ್ ಒಂದ್ ಬಾಡ್ಗಿ ಇತ್ತ್. ಬತ್ರ್ಯಾ?"

ಅಕ್ಕ ಹಿಂದೆ ತಿರುಗಲಿಲ್ಲ. ಕನ್ನಡಿಯಲ್ಲಿ ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಬತ್ತೆ, ಕೂಕಣಿ" ಅಂದಳು. "ಬಾಗ್ಲ್ ಗಟ್ಟಿ ಹಾಕಿ."

ಭಾವ ಎಡಗೈಯಲ್ಲಿ ಬಾಗಿಲು ಎಳೆದರು. ಅದು ಕೂರಲಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ ಎಳೆದರು.